ಉಪ್ಪು ನೋಡಿದ ನಾಲಿಗೆ

ಈ ಕಥೆಯನ್ನು ನಾನು ನಮ್ಮೂರಿನ ಗಡಿಕಲ್ಲು ದಾಟಿ, ಹುಣಸೆಮರದ ಕೆಳಗೆ ಬಸ್ಸಿಗೆ ಕಾಯುತ್ತಾ ಕೂತು ಹೇಳುತ್ತಿದ್ದೇನೆ. ಊರೊಳಗೆ ಕೂತು ಹೇಳಲು ಹೊರಟರೆ ಅರ್ಧ ಕಥೆಗೆ ಬಾಯಿ ಬರುವುದಿಲ್ಲ. ನಮ್ಮೂರಿನಲ್ಲಿ ಯಾರಿಗೂ ತಮ್ಮ ಕೇರಿಯ ಬಗ್ಗೆ ಮಾತಾಡಲಾಗುವುದಿಲ್ಲ. ತುಟಿ ಆಡುತ್ತದೆ, ದನಿ ಹೊರಡುವುದಿಲ್ಲ. ಬರೆಯಲು ಹೋದರೆ ಕೈ ಅಲ್ಲೇ ನಿಲ್ಲುತ್ತದೆ. ಯಾಕೆ ಹೀಗೆ ಎಂದು ಕೇಳಬೇಡಿ. ನಿಮ್ಮೂರಿನಲ್ಲಿ ಮಳೆ ಮೇಲಿಂದಲೇ ಯಾಕೆ ಬೀಳುತ್ತದೆ ಎಂದು ನಾನು ಕೇಳಿದೆನೇ?

ಇದರಿಂದ ಊರಿಗೇನೂ ತೊಂದರೆಯಾಗಿಲ್ಲ. ಗಾಣದ ಕೇರಿಯ ಎಣ್ಣೆ ಚೆನ್ನಾಗಿದೆ ಎಂದು ಗಾಣದ ಕೇರಿಯವರು ಹೇಳಲಾರರು, ಅದನ್ನು ಪಕ್ಕದ ಕೇರಿಯವರು ಹೇಳುತ್ತಾರೆ. ಹೆಣ್ಣು ನೋಡಲು ಬಂದವರ ಮುಂದೆ ಮನೆತನದ ಗುಣಗಾನ ಮಾಡಲು ಆಚೆ ಕೇರಿಯಿಂದ ಒಬ್ಬರನ್ನು ಕರೆತಂದು ಹೋಳಿಗೆ ಹಾಕಿ ಕೂರಿಸಬೇಕು. ಹಾಗಾಗಿ ನಮ್ಮೂರಿನಲ್ಲಿ ಜಂಬ ಕೊಚ್ಚುವವರು ಒಬ್ಬರೂ ಇಲ್ಲ. ಚಾಡಿ ಹೇಳುವವರಿಗೆ ಮಾತ್ರ ಬರವಿಲ್ಲ.

ಹೆಂಗಸರದು ಸ್ವಲ್ಪ ಬೇರೆ ಲೆಕ್ಕ. ಮದುವೆಯಾಗಿ ಇನ್ನೊಂದು ಕೇರಿಗೆ ಹೋದವಳು ಗಂಡನ ಮನೆಯಲ್ಲಿ ತಾನೇ ಒಲೆ ಹಚ್ಚಿ, ತಾನೇ ಬೇಯಿಸಿ, ಅದರಲ್ಲೊಂದು ಚೂರು ಬಾಯಿಗೆ ಹಾಕಿಕೊಂಡ ಗಳಿಗೆಯಲ್ಲಿ ಅವಳ ನಾಲಿಗೆ ತಿರುಗುತ್ತದೆ. ತವರು ಕೇರಿಯ ಬಗ್ಗೆ ಬಾಯಿ ಬಿಚ್ಚುತ್ತದೆ, ಗಂಡನ ಕೇರಿಯ ಬಗ್ಗೆ ಮುಚ್ಚುತ್ತದೆ. ಬೇರೆ ಊರುಗಳಲ್ಲಿ ತವರಿಗೆ ಬಂದ ಮಗಳನ್ನು ಅಡುಗೆಮನೆಗೆ ಬಿಡದಿರುವುದು ಮುದ್ದಿಗೆ. ನಮ್ಮಲ್ಲಿ ಅದು ಎಚ್ಚರಿಕೆಗೆ. ಅವಳು ಅಲ್ಲಿ ಒಲೆ ಹಚ್ಚಿ ಉಂಡರೆ ನಾಲಿಗೆ ಮತ್ತೆ ಹಿಂದಕ್ಕೆ ತಿರುಗಿಬಿಡುತ್ತದಲ್ಲ!

ನನ್ನ ಹೆಸರು ಕೆಂಪಾಜಮ್ಮ. ಹುಟ್ಟಿದ್ದು ಬಣ್ಣದ ಕೇರಿಯಲ್ಲಿ, ಕೊಟ್ಟದ್ದು ಮೇಗಲಕೇರಿಗೆ. ಬಣ್ಣದ ಕೇರಿಯವರು ಬಟ್ಟೆಗೆ ಬಣ್ಣ ಕಟ್ಟುವವರು. ಮಂಜಿಷ್ಠೆ ಬೇರು ಕುದಿಸಿ, ಬಿಳಿ ಸೀರೆ ಅದ್ದಿ, ನಮ್ಮ ಕೇರಿಯ ಕೊಳದಲ್ಲಿ ಜಾಲಿಸಿದರೆ ಬರುವ ಕೆಂಪು, ಸೀರೆ ಹರಿದರೂ ಹೋಗುವುದಿಲ್ಲ. ಬೇರೆ ನೀರಿನಲ್ಲಿ ಜಾಲಿಸಿದರೆ ಇಟ್ಟಿಗೆ ಪುಡಿಯ ಹಾಗೆ ಮಂಕು. ಇಡೀ ಊರಿನ ಧಾರೆ ಸೀರೆಗಳೆಲ್ಲ ಆ ಕೊಳದಿಂದ ಎದ್ದು ಬಂದವು. ಆಷಾಢದಲ್ಲಿ ಮಾತ್ರ ಕೊಳಕ್ಕೆ ಬಿಡುವು. ಮದುವೆಗಳಿಲ್ಲದ ತಿಂಗಳು, ಸೀರೆಯ ಕೆಲಸವೂ ಇಲ್ಲ. ಆ ತಿಂಗಳು ನಮ್ಮವರು ಕೊಳಕ್ಕೆ ಕಾಲಿಡುವುದಿಲ್ಲ, ಬಿಂದಿಗೆ ಮುಳುಗಿಸುವುದಿಲ್ಲ. ನೀರಿನ ಮೇಲೆ ಪಾಚಿ ಕಟ್ಟುತ್ತದೆ. ಕಟ್ಟಲಿ ಬಿಡು, ಅದಕ್ಕೂ ಹೊದ್ದು ಮಲಗಬೇಕು ಅನ್ನಿಸುತ್ತೆ ಎನ್ನುತ್ತಿದ್ದಳು ನಮ್ಮಜ್ಜಿ. ಅವಳೂ ಅದನ್ನು ನನಗೆ ಹೇಳಿದ್ದು ಇದೇ ಹುಣಸೆಮರದ ಕೆಳಗೆ.

ನಮ್ಮೂರ ಕಾಲೇಜಿನಲ್ಲಿ ಪದವಿ ಮುಗಿಸಿದವರಿಗೆ ಒಂದು ಸರ್ಟಿಫಿಕೇಟ್ ಕೋರ್ಸಿದೆ. ಪ್ರದೇಶ ಮತ್ತು ಸಂಸ್ಕೃತಿ ಅಧ್ಯಯನ ಅಂತ ಅದರ ಹೆಸರು. ಬೇರೆ ಊರುಗಳಲ್ಲಿ ಇಂಥ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೇನೋ. ನಮ್ಮಲ್ಲಿ ಅದು ಪಡೆದವರಷ್ಟೇ ಪುರಸಭೆಯಲ್ಲಿ ಇನ್ನೊಂದು ಕೇರಿಯ ಪರವಾಗಿ ಮಾತಾಡಬಹುದು. ಕೇರಿಸಾಕ್ಷಿ ಎನ್ನುತ್ತಾರೆ. ಕೇರಿಯವರಿಗೇ ಬಾಯಿಲ್ಲದ ಮೇಲೆ ಸಾಕ್ಷಿ ಹೇಳಿದ್ದೇ ವೇದ. ಗಡಿಕಲ್ಲಿನಾಚೆ ಆಡಿದ ಮಾತು ನಡೆಯುವುದಿಲ್ಲ, ಕಾಗದದಲ್ಲಿ ಬರೆದದ್ದೂ ನಡೆಯುವುದಿಲ್ಲ. ಸಭೆಯಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು.

ಬಣ್ಣದ ಕೇರಿಗೆ ಸಾಕ್ಷಿ ಹೇಳುತ್ತಿದ್ದವರು ಪ್ರೊಫೆಸರ್ ತ್ರ್ಯಂಬಕಯ್ಯ. ಆ ಕೋರ್ಸಿನ ಮುಖ್ಯಸ್ಥರು, ಮೇಗಲಕೇರಿಯವರು, ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ. ಕೆಟ್ಟ ಮನುಷ್ಯರಲ್ಲ, ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುವವರು. ಆದರೆ ಒಮ್ಮೆ ಸರಿ ಅಂದದ್ದನ್ನು ತಪ್ಪು ಅನ್ನಲು ಅವರಿಗೆ ಪ್ರಾಣ ಹೋದಷ್ಟು ಕಷ್ಟ. ಅವರು ನಮ್ಮ ಕೇರಿಗೆ ಹೋಗಿ ನೋಡಿ ಬಂದು ಪುರಸಭೆಯಲ್ಲಿ ಹೇಳಿದರು: ಕೊಳ ಪಾಚಿ ಕಟ್ಟಿದೆ, ದಡದಲ್ಲಿ ಒಬ್ಬ ನರಪಿಳ್ಳೆಯಿಲ್ಲ, ಕೇರಿಯವರು ಅದನ್ನು ಬಳಸುವುದನ್ನೇ ಬಿಟ್ಟಿದ್ದಾರೆ. ಪುರಸಭೆಗೆ ಅಷ್ಟೇ ಬೇಕಿತ್ತು. ಕೊಳ ಮುಚ್ಚಿ ಬಸ್ ನಿಲ್ದಾಣ ಕಟ್ಟುವುದೆಂದು ತೀರ್ಮಾನವಾಯಿತು. ನಮ್ಮಣ್ಣ ಮತ್ತು ಕೇರಿಯ ಹಿರಿಯರು ಸಭೆಗೆ ಹೋಗಿ ನಿಂತರು. ಬಾಯಿ ತೆರೆದರು, ಕೈ ಆಡಿಸಿದರು, ಕಣ್ಣಲ್ಲಿ ನೀರು ಹಾಕಿದರು. ಕೇರಿಯವರ ಆಕ್ಷೇಪಣೆ ಏನೂ ಇಲ್ಲ ಎಂದು ಅಧ್ಯಕ್ಷರು ಬರೆಸಿಕೊಂಡರು.

ಅವತ್ತು ನನ್ನ ಮೈಯೆಲ್ಲ ಉರಿದುಹೋಯಿತು. ಬಣ್ಣದ ಕೇರಿಯ ಹೆಣ್ಣುಮಕ್ಕಳು ಊರಿನ ಎಲ್ಲ ಕೇರಿಗಳಲ್ಲೂ ಇದ್ದಾರೆ, ಕೊಳದ ಬಗ್ಗೆ ಹೇಳಲು ಅವರಿಗೆಲ್ಲ ಬಾಯುಂಟು. ಆದರೆ ಸರ್ಟಿಫಿಕೇಟ್ ಯಾರಿಗಿದೆ? ಅದಕ್ಕೆ ಬೇಕಾದ ಬಿ.ಎ. ಇದ್ದದ್ದು ನನ್ನೊಬ್ಬಳಿಗೆ. ಮದುವೆಗೆ ಮುಂಚೆ ಮಾಡಿದ್ದು, ಮದುವೆಯಾದ ಮೇಲೆ ಟ್ರಂಕಿನ ತಳ ಸೇರಿದ್ದು. ತೆಗೆದು, ದೂಳು ಕೊಡವಿ, ಕಾಲೇಜಿಗೆ ಹೋಗಿ ಸೇರಿಕೊಂಡೆ. ಪಾತ್ರೆ ಅಂಗಡಿಯಿಂದ ಬಂದ ನಮ್ಮೆಜಮಾನರು ಸುದ್ದಿ ಕೇಳಿ, "ಈ ವಯಸ್ಸಲ್ಲಿ ಪರೀಕ್ಷೆನಾ?" ಅಂದರು. "ವಯಸ್ಸಿಗೆ ಪರೀಕ್ಷೆ ಅಲ್ಲ ರೀ, ನಂಗೆ," ಅಂದೆ.

ಕೋರ್ಸು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕುದುರೆ ಹಾಲು ಕುಡಿಯುವ ಬಯಲು ನಾಡಿನವರ ಬಗ್ಗೆ ಓದಿದೆ, ದೋಣಿಯಲ್ಲೇ ಹೆತ್ತು ದೋಣಿಯಲ್ಲೇ ಸಾಯುವ ದ್ವೀಪದವರ ಬಗ್ಗೆ ಓದಿದೆ. ಸಾರು ಕುದಿಯುವಾಗ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ. ಓದುತ್ತಾ ಓದುತ್ತಾ ಒಂದು ವಿಷಯ ನನ್ನನ್ನು ಚುಚ್ಚತೊಡಗಿತು. ಆ ಬಯಲಿನವರ ಬಗ್ಗೆ ಬರೆದವರು ಬಯಲಿನವರಲ್ಲ, ದ್ವೀಪದವರ ಬಗ್ಗೆ ಬರೆದವರು ದ್ವೀಪದವರಲ್ಲ. ನಮ್ಮೂರ ಕಾಯಿಲೆ ಲೋಕಕ್ಕೆಲ್ಲ ಇದೆಯಲ್ಲಪ್ಪ ಅಂದುಕೊಂಡೆ.

ತ್ರ್ಯಂಬಕಯ್ಯನವರು ಒಂದು ದಿನ ತರಗತಿಯಲ್ಲಿ, "ಒಳಗಿನವರಿಗೆ ಕಾಣದ್ದು ಹೊರಗಿನವನಿಗೆ ಕಾಣುತ್ತೆ. ಇದೇ ನಮ್ಮ ಶಾಸ್ತ್ರದ ತಳಹದಿ," ಅಂದರು.

ನಾನು ಎದ್ದು ನಿಂತು, "ಒಳಗಿನವರಿಗೆ ಕಂಡದ್ದನ್ನ ಯಾರು ಹೇಳ್ತಾರೆ ಸಾರ್?" ಅಂದೆ.

"ಒಳಗಿನವರಿಗೆ ಬಾಯೇ ಇಲ್ಲವಲ್ಲಮ್ಮ," ಅಂದರು. ತರಗತಿ ಗೊಳ್ಳೆಂದಿತು. ನನ್ನ ಅರ್ಧ ವಯಸ್ಸಿನ ಹುಡುಗರೆಲ್ಲ ಬೆಂಚು ಬಡಿದು ನಕ್ಕರು. ನಗಿ, ನಗಿ, ಅಂತ ಮನಸ್ಸಿನಲ್ಲೇ ಅಂದುಕೊಂಡು ಕೂತೆ.

ವಿಶೇಷ ಅಧ್ಯಯನಕ್ಕೆ ಬಣ್ಣದ ಕೇರಿಯನ್ನೇ ಆರಿಸಿಕೊಂಡೆ. ಅವರು ಹುಬ್ಬು ಗಂಟಿಕ್ಕಿದರು. "ಅದರ ಸಾಕ್ಷಿ ನಾನೇ ಹೇಳಿ ಆಗಿದೆಯಲ್ಲ. ಬೇರೆ ಕೇರಿ ತಗೊಳ್ಳಿ ಕೆಂಪಾಜಮ್ಮ." ತಗೊಳ್ಳಲ್ಲ ಅಂದೆ. ನಿಯಮದ ಪ್ರಕಾರ ಬೇಡ ಅನ್ನಲು ಅವರಿಗೆ ಬರುವಂತಿರಲಿಲ್ಲ. ನನ್ನ ಕೇರಿ ಈಗ ಮೇಗಲಕೇರಿ, ಬಣ್ಣದ ಕೇರಿ ನನಗೆ ಪರರದ್ದು. ಮೌಖಿಕ ಪರೀಕ್ಷೆ ಮಾಘಮಾಸದಲ್ಲಿ, ಪುರಸಭೆಯ ಸಭಾಂಗಣದಲ್ಲಿ, ಸದಸ್ಯರೆಲ್ಲರ ಎದುರಿಗೆ ಎಂದು ಗೊತ್ತಾಯಿತು. ಪಾಸಾದರೆ ನನ್ನ ಮಾತು ಆ ಗಳಿಗೆಯಿಂದಲೇ ಕೇರಿಸಾಕ್ಷಿ. ಒಂದು ಕೇರಿಯ ಅಧ್ಯಯನ ಮುಗಿಯುವ ತನಕ ಪುರಸಭೆ ಅಲ್ಲಿ ಕೆಲಸ ಶುರು ಮಾಡುವಂತಿಲ್ಲ. ನಪಾಸಾದರೆ ಮಾರನೇ ದಿನ ಮಣ್ಣಿನ ಲಾರಿಗಳು ಕೊಳದ ದಾರಿ ಹಿಡಿಯುತ್ತವೆ. ಲಾರಿಗಳು ಆಗಲೇ ಬಂದು ಮೈದಾನದಲ್ಲಿ ನಿಂತಿದ್ದವು.

ಪರೀಕ್ಷೆಯ ದಿನ ಬೆಳಿಗ್ಗೆ ಅವ್ವನ ಕಾಲಿಗೆ ಬಿದ್ದು ಹೋಗೋಣವೆಂದು ತವರಿಗೆ ಹೋದೆ. ಹೋಗಿ ನೋಡಿದರೆ ಅವ್ವ ಜ್ವರದಲ್ಲಿ ಬೇಯುತ್ತಿದ್ದಳು. ಅತ್ತಿಗೆ ತನ್ನ ತಂಗಿಯ ಹೆರಿಗೆಗೆಂದು ಹೋಗಿದ್ದಳು, ಅಣ್ಣ ಡಾಕ್ಟರನ್ನು ಕರೆತರಲು ಓಡಿದ್ದ. ಹಿಂದಿನ ದಿನದಿಂದ ಅವ್ವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಒಂದೇ ಒಂದು ಗಳಿಗೆ ಯೋಚಿಸಿದೆ. ಒಲೆ ಹಚ್ಚಿದರೇನಂತೆ, ಬಾಯಿಗೆ ಹಾಕಿಕೊಳ್ಳದಿದ್ದರಾಯಿತು. ನುಚ್ಚು ತೊಳೆದು ಗಂಜಿಗಿಟ್ಟೆ. ಕುದಿ ಬಂತು, ಉಪ್ಪು ಹಾಕಿದೆ, ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ.

ನೆಕ್ಕಿದ ಮೇಲೆ ಗೊತ್ತಾಯಿತು. ಇಪ್ಪತ್ತು ವರ್ಷ ದಿನಾ ಮಾಡಿದ ಕೆಲಸ ಸ್ವಾಮಿ, ಕೈ ನನ್ನನ್ನು ಕೇಳಲೇ ಇಲ್ಲ. ಅವ್ವ ಮಲಗಿದಲ್ಲಿಂದಲೇ ನೋಡಿಬಿಟ್ಟಳು. "ಅಯ್ಯೋ ನನ್ನವ್ವಾ! ನಾಲಿಗೆಗೆ ಹಾಕ್ಕೊಂಡ್ಯಾ?"

ಕೊಳ ಅನ್ನಲು ಬಾಯಿ ತೆರೆದೆ. ಇಲ್ಲ. ಕೆಂಪು ಸೀರೆ, ಆಷಾಢ, ಬಿಡುವು... ಒಂದಕ್ಕೂ ದನಿಯಿಲ್ಲ. ಒಂದೂವರೆ ವರ್ಷದ ಓದು, ನಿದ್ದೆಗೆಟ್ಟದ್ದು, ಹುಡುಗರ ನಗು ನುಂಗಿಕೊಂಡದ್ದು, ಎಲ್ಲ ಎರಡು ಹನಿ ಗಂಜಿಯಲ್ಲಿ ಹೋಯಿತು. ನೆಲಕ್ಕೆ ಕುಕ್ಕರಿಸಿ ಅತ್ತುಬಿಟ್ಟೆ. ಅವ್ವ ನನ್ನ ತಲೆ ಸವರಿ, "ಹೋಗ್ಬೇಡ ಮಗಾ ಸಭೆಗೆ. ಅವರ ಮುಂದೆ ಮೂಗಿ ಹಂಗೆ ನಿಂತ್ಕೊಬ್ಯಾಡ. ಹೋಗೋದು ಹೋಗ್ಲಿ," ಅಂದಳು.

ಯಾವುದು ಎನ್ನಲು ಅವಳಿಗೂ ಬಾಯಿಲ್ಲ. ಆದರೂ ಹೋಗಲಿ ಎಂದು ಅವ್ವನ ಬಾಯಲ್ಲಿ ಕೇಳಿದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. "ಯಾಕೆ ಹೋಗ್ಬೇಕು? ಆ ಮೇಗಲಕೇರಿಯವರ ಮನೆ ಹಾಳಾಗ! ತಮ್ಮ ಕೊಳ ತಾವೇ ಮುಚ್ಚಿ ಅದರ ಮೇಲೆ ಸಭಾಂಗಣ ಕಟ್ಕೊಂಡ್ರು. ಬೇಸಿಗೆ ಬಂದ್ರೆ ನಲ್ಲೀಲಿ ಗಾಳಿ ಬಿಟ್ರೆ ಏನೂ ಬರಲ್ಲ. ಹೊತ್ತು ಹುಟ್ಟೋ ಮುಂಚೆ ಸೊಸೇರನ್ನ ಹಿತ್ತಲ ಬಾಗಿಲಿಂದ ಬಟ್ಟೆ ಗಂಟು ಹೊರಿಸಿ ಕಳಿಸ್ತಾರೆ. ಹಗಲು ಹೊತ್ತು ನಮ್ಮಂಥೋರನ್ನ ಕಂಡ್ರೆ ಮೂಗು ಮುಚ್ಕೋತಾರೆ!"

ಅಂದವಳೇ ಗಕ್ಕನೆ ನಿಂತೆ. ಅವ್ವ ಜ್ವರದ ಕಣ್ಣು ಬಿಟ್ಟು ನೋಡುತ್ತಿದ್ದಳು. ಮದುವೆಯಾದಾಗಿನಿಂದ ಮೇಗಲಕೇರಿಯ ಬಗ್ಗೆ ನಾನೊಂದು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅಳುತ್ತಾ ಬಂದ ದಿನಗಳಲ್ಲೂ ಯಾಕೆ ಅಂತ ಹೇಳಲಾಗದೆ ಸುಮ್ಮನೆ ಅತ್ತು ಹೋದವಳು ನಾನು. ಅವ್ವನ ಮುಖದಲ್ಲಿ ನಿಧಾನವಾಗಿ ನಗು ಹರಡಿತು. "ಇಪ್ಪತ್ತು ವರ್ಷದ್ದು ಒಟ್ಟಿಗೇ ಬರ್ತಾ ಐತಲ್ಲೇ," ಅಂದಳು. "ಗಂಜಿ ಬಗ್ಗಿಸಿ ಕೊಡು. ನಾ ಕುಡೀತೀನಿ. ನೀ ಹೋಗು."

ಸಭಾಂಗಣ ತುಂಬಿತ್ತು. ಮೇಲಿನ ಸಾಲಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಸದಸ್ಯರು, ಮುಕ್ಕಾಲು ಪಾಲು ಮೇಗಲಕೇರಿಯವರೇ. ಪರೀಕ್ಷಕರ ಮೇಜಿನಲ್ಲಿ ತ್ರ್ಯಂಬಕಯ್ಯನವರು ಮತ್ತು ಗಾಣದ ಕೇರಿಯ ಲಲಿತಾಕ್ಷಿ ಮೇಡಂ. ನಮ್ಮ ಬಣ್ಣದ ಕೇರಿಯವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ನಮ್ಮೆಜಮಾನರೂ ಅಂಗಡಿ ಮುಚ್ಚಿಕೊಂಡು ಬಂದು ಕಂಬದ ಮರೆಯಲ್ಲಿ ನಿಂತಿದ್ದರು.

"ಶುರು ಮಾಡಿ ಕೆಂಪಾಜಮ್ಮ. ಬಣ್ಣದ ಕೇರಿಯ ಕೊಳದ ಬಗ್ಗೆ ನಿಮ್ಮ ಅಧ್ಯಯನ ಏನು ಹೇಳುತ್ತೆ?" ಎಂದರು ತ್ರ್ಯಂಬಕಯ್ಯನವರು.

ಬಾಯಿ ತೆರೆದೆ. ಬರಲಿಲ್ಲ. ಸಭೆಗೆ ಸಭೆಯೇ ಅರ್ಥ ಮಾಡಿಕೊಂಡಿತು. ನಮ್ಮೂರಿನವರಿಗೆ ಆ ಮೌನ ಗೊತ್ತಿಲ್ಲದ್ದೇನಲ್ಲ. ಹಿಂದೆ ನಿಂತ ಅಣ್ಣ ಹಣೆ ಚಚ್ಚಿಕೊಂಡ. "ಓಹೋ, ತವರಲ್ಲಿ ಊಟ ಆಗಿದೆ," ಎಂದು ಅಧ್ಯಕ್ಷರು ನಕ್ಕರು. "ಪ್ರೊಫೆಸರೇ, ಮುಗೀತಲ್ಲ? ನಪಾಸು ಅಂತ ಬರೀರಿ."

"ಒಂದು ನಿಮಿಷ," ಅಂದೆ. ಇದಕ್ಕೆ ದನಿ ಬಂತು. "ಕೋರ್ಸಿನ ನಿಯಮ ಏನು? ವಿದ್ಯಾರ್ಥಿ ತನ್ನದಲ್ಲದ ಒಂದು ಕೇರಿ ಬಗ್ಗೆ ಸಭೆಯಲ್ಲಿ ನಿಂತು ಹೇಳ್ಬೇಕು, ಅಷ್ಟೇ ತಾನೇ? ಇವತ್ತು ಬೆಳಿಗ್ಗೆಯಿಂದ ನನ್ನದಲ್ಲದ ಕೇರಿ ಮೇಗಲಕೇರಿ. ನನ್ನ ವಿಷಯ ಅದೇ. ಪರೀಕ್ಷೆ ಮಾಡಿ."

ತ್ರ್ಯಂಬಕಯ್ಯನವರು ಏನೋ ಕೇಳಲು ಹೊರಟರು. ಅವರದೇ ಕೇರಿ, ಪ್ರಶ್ನೆಯೇ ಹೊರಡಲಿಲ್ಲ. ಲಲಿತಾಕ್ಷಿ ಮೇಡಂ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ತುಟಿಯಂಚಿನಲ್ಲಿ ತುಂಟತನ ಇಣುಕಿತು. "ನಾನು ಕೇಳ್ತೀನಿ ಬಿಡಿ ಸಾರ್. ಹೇಳಮ್ಮ, ಮೇಗಲಕೇರಿಗೆ ಕೊಳ ಇದೆಯಾ?"

"ಇತ್ತು ಮೇಡಂ. ನಾವು ಈಗ ಅದರ ಮೇಲೇ ನಿಂತಿದ್ದೀವಿ. ಮಳೆಗಾಲದಲ್ಲಿ ಆ ಗೋಡೆ ಸೊಂಟದ ತನಕ ಯಾಕೆ ಒದ್ದೆ ಆಗುತ್ತೆ ಅಂದ್ಕೊಂಡಿದ್ದೀರಿ?"

"ಸುಳ್ಳು!" ಎಂದು ಅಧ್ಯಕ್ಷರು ಎದ್ದರು.

"ಯಾವುದು ಸುಳ್ಳು, ಹೇಳಿ," ಎಂದರು ಮೇಡಂ. ಅಧ್ಯಕ್ಷರ ಬಾಯಿ ತೆರೆದೇ ಇತ್ತು. ಸುಳ್ಳು ಎನ್ನುವಷ್ಟಕ್ಕೆ ದನಿಯಿತ್ತು, ಯಾವುದು ಎನ್ನುವಲ್ಲಿ ಹೋಯಿತು. ಕೂತರು.

ಆಮೇಲೆ ನಾನು ನಿಲ್ಲಲಿಲ್ಲ. ಬೇಸಿಗೆಯ ಒಣ ನಲ್ಲಿಗಳ ಬಗ್ಗೆ ಹೇಳಿದೆ. ಹಿತ್ತಲ ಬಾಗಿಲಿಂದ ಹೊರಡುವ ಸೊಸೆಯರ ಬಗ್ಗೆ, ಅವರು ಒದ್ದೆ ಬಟ್ಟೆ ಹೊತ್ತು ತರುವ ದಿಕ್ಕಿನ ಬಗ್ಗೆ ಹೇಳಿದೆ. "ಎಲ್ಲಿಗೆ ಹೋಗ್ತಾರೆ ಅಂತ ನನಗೆ ಬಾಯಿ ಬರಲ್ಲ ಮೇಡಂ. ಎಲ್ಲಿಂದ ಹೊರಡ್ತಾರೆ ಅಂತ ಬರುತ್ತೆ." ಒಂದೊಂದು ಮನೆಯನ್ನೂ ಹೆಸರು ಹಿಡಿದು ಹೇಳಿದೆ. ಯಾರ ಮನೆಯ ಧಾರೆ ಸೀರೆ ಬಿಳಿಯದಾಗಿ ಹೊರಗೆ ಹೋಗಿ ಕೆಂಪಾಗಿ ಒಳಗೆ ಬಂತು. ಆ ಸೀರೆ ಉಟ್ಟ ಹೆಣ್ಣು ಈಗ ಅಜ್ಜಿಯಾದರೂ ಅದರ ಕೆಂಪು ಹೇಗೆ ಹಾಗೇ ಇದೆ. "ಅಧ್ಯಕ್ಷರ ಮಗಳ ಮದುವೆ ಬರೋ ತಿಂಗಳು. ಸೋಮವಾರ ಅವರ ಮನೆಯಿಂದ ಬಿಳಿ ಸೀರೆ ಹೊರಗೆ ಹೋಗಿದೆ. ಇನ್ನೂ ಬಂದಿಲ್ಲ. ನಾಳೆ ಲಾರಿ ಹೋದ್ರೆ ಅದು ಬಿಳಿಯದಾಗೇ ವಾಪಸ್ ಬರುತ್ತೆ. ಬಿಳಿ ಸೀರೆ ಉಡಿಸಿ ಧಾರೆ ಎರೆದುಕೊಡ್ಲಿ!"

ಹೆಂಗಸರ ಕಡೆಯಿಂದ ಅಧ್ಯಕ್ಷರ ಹೆಂಡತಿ, "ಬಿಡ್ತು ಅನ್ನಮ್ಮಾ!" ಎಂದು ಕೂಗಿಕೊಂಡರು. ಮೇಗಲಕೇರಿಯ ಗಂಡಸರು ಎದ್ದರು, ಕೂತರು, ಬಾಯಿ ತೆರೆದರು, ಮುಚ್ಚಿದರು. ನಮ್ಮ ಹಿರಿಯರು ಇದೇ ಸಭೆಯಲ್ಲಿ ಹೀಗೇ ನಿಂತಿದ್ದರಲ್ಲ, ನೋಡಿಕೊಳ್ಳಲಿ ಅಂತ ನನ್ನ ಹೊಟ್ಟೆ ತಣ್ಣಗಾಯಿತು. ಕಂಬದ ಮರೆಯಲ್ಲಿ ನಮ್ಮೆಜಮಾನರು ಅಂಗವಸ್ತ್ರ ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

ಮೇಡಂ ತ್ರ್ಯಂಬಕಯ್ಯನವರ ಕಡೆ ತಿರುಗಿದರು. "ಸಾರ್, ಆ ಇನ್ನೊಂದು ಕೇರಿ ಬಗ್ಗೆ ನಿಮಗೆ ಬಾಯಿದೆ. ನೀವು ಕೊಳ ನೋಡೋಕೆ ಹೋಗಿದ್ದು ಯಾವಾಗ?"

"ಎರಡು ಸಲ ಹೋಗಿದ್ದೆ. ಎರಡು ಸಲವೂ ಪಾಚಿ ಕಟ್ಟಿತ್ತು."

"ಯಾವ ತಿಂಗಳು?"

"ಆಷಾಢ. ಆಗ ಮದುವೆ, ಉಪನಯನ ಅಂತ ಊಟದ ಕರೆಗಳಿರಲ್ಲ. ನನಗೂ ಬಿಡುವು..." ಎಂದವರು ಅಲ್ಲಿಗೇ ನಿಂತರು. ಕನ್ನಡಕ ತೆಗೆದರು. ದನಿ ಹೋದದ್ದಲ್ಲ, ಇದು ಬೇರೆ ಕಷ್ಟ. "ಮದುವೆ ಸೀರೆಯ ಕೆಲಸ ಇಲ್ಲದ ತಿಂಗಳು," ಎಂದರು ಕೊನೆಗೆ. "ನಾನು ನೋಡಿದ್ದು ಕೊಳ ಮಲಗಿದ್ದನ್ನ. ಸತ್ತಿದೆ ಅಂತ ಹೇಳಿಬಿಟ್ಟೆ. ನನ್ನ ಸಾಕ್ಷಿ ವಾಪಸ್ ತಗೋತೀನಿ."

ಗೋಡೆಗೆ ಒರಗಿದ್ದ ನಮ್ಮ ಕೇರಿಯವರು ಒಂದು ಮಾತೂ ಆಡಲಾರದೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಲಾರಿಗಳು ಆ ಸಂಜೆಯೇ ಮೈದಾನ ಖಾಲಿ ಮಾಡಿದವು. ಸರ್ಟಿಫಿಕೇಟೂ ಬಂತು. ವಿಶೇಷ ಅಧ್ಯಯನ ಎನ್ನುವ ಕಡೆ ಮೇಗಲಕೇರಿ ಎಂದು ಬರೆಯಲು ತ್ರ್ಯಂಬಕಯ್ಯನವರ ಕೈ ಓಡಲಿಲ್ಲ. ಮೇಡಂ ಬರೆದರು, ಇವರು ಕೆಳಗೆ ಸಹಿ ಹಾಕಿದರು. ಕೊಡುವಾಗ, "ಇನ್ನು ಮೇಲೆ ಕೇರಿಸಾಕ್ಷಿ ನೀವೇ. ಸ್ವಲ್ಪ ಕರುಣೆ ಇರಲಿ," ಅಂದರು. ನೋಡೋಣ ಸಾರ್, ಅಂದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನಮ್ಮೆಜಮಾನರು ಕೈಕಾಲು ತೊಳೆದು ಬಂದು, ಅಭ್ಯಾಸಬಲದಿಂದ, "ಅಡುಗೆ ಏನು ಮಾಡ್ತೀಯ?" ಅಂದರು.

"ರೀ, ನಾನು ಈ ಒಲೆ ಹಚ್ಚಿ ಉಂಡ್ರೆ ನನ್ನ ಬಾಯಿ ಮುಚ್ಚಿಹೋಗುತ್ತೆ. ಬೀದಿ ದೀಪದ ವಿಷಯ ಹೇಳಿಲ್ಲ, ಚರಂಡಿ ವಿಷಯ ಹೇಳಿಲ್ಲ, ನಿಮ್ಮಮ್ಮ ಬಾಣಂತೀಲಿ ನಂಗೆ ಮಾಡಿದ್ದು ಯಾರಿಗೂ ಹೇಳಿಲ್ಲ. ಇನ್ನೂ ಅರ್ಧ ಬಾಕಿ ಇದೆ."

ಅವರು ನನ್ನ ಮುಖ ನೋಡಿದರು. ಒಲೆ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ರವೆ ಡಬ್ಬಿ ಎಲ್ಲಿದೆ ಅಂತ ಕೇಳಿದರು. ಇಪ್ಪತ್ತು ವರ್ಷದಿಂದ ಅದು ಅಲ್ಲೇ ಇದೆ, ಹುಡುಕಿಕೊಳ್ಳಿ ಅಂದೆ. ಮೊದಲ ದಿನದ ಉಪ್ಪಿಟ್ಟು ತಳ ಹಿಡಿದಿತ್ತು. ಅದನ್ನು ತಿಂದಷ್ಟು ಸುಖವಾಗಿ ನಾನು ಯಾವ ಹಬ್ಬದೂಟವನ್ನೂ ತಿಂದವಳಲ್ಲ.

ಸುದ್ದಿ ನಿಲ್ಲುತ್ತದೆಯೇ? ಆ ತಿಂಗಳು ಕಳೆಯುವಷ್ಟರಲ್ಲಿ ಮೇಗಲಕೇರಿಯ ಸೊಸೆಯರು ಒಬ್ಬೊಬ್ಬರಾಗಿ ಅವ್ವನನ್ನು ನೋಡಿ ಬರುತ್ತೇವೆ, ಅಪ್ಪನಿಗೆ ಮೈ ಸರಿಯಿಲ್ಲ ಎಂದು ತವರಿಗೆ ಹೋಗತೊಡಗಿದರು. ವಾಪಸ್ ಬಂದವರ ನಡಿಗೆಯೇ ಬೇರೆ. ಈಗ ನಮ್ಮ ಬೀದಿಯ ಗಂಡಸರು ಸಂಜೆಯ ಮೇಲೆ ಕಟ್ಟೆಯಲ್ಲಿ ಕೂರುವುದಿಲ್ಲ. ಸಾರಿಗೆ ಬೇಳೆ ಎಷ್ಟು, ನೀರು ಎಷ್ಟು ಎಂದು ಒಬ್ಬರನ್ನೊಬ್ಬರು ಕೇಳುತ್ತಾ ತರಕಾರಿ ಕೊಳ್ಳುತ್ತಿರುತ್ತಾರೆ. ಅಧ್ಯಕ್ಷರ ಮಗಳ ಮದುವೆ ಕೆಂಪು ಸೀರೆಯಲ್ಲೇ ಆಯಿತು. ನಾನೂ ಹೋಗಿ ಉಂಡು ಬಂದೆ.

ನಿನ್ನೆ ಸಂಜೆ ಪಡಸಾಲೆಯಲ್ಲಿ ಓದುತ್ತಾ ಕೂತಿದ್ದೆ. ಒಳಗಿಂದ ಸೌಟಿನ ಸದ್ದು. ಹುಳಿಯ ಪರಿಮಳ ಪರವಾಗಿಲ್ಲ ಅನ್ನುವ ಹಾಗಿತ್ತು. ನಮ್ಮೆಜಮಾನರು ಅಡುಗೆಮನೆ ಬಾಗಿಲಿಗೆ ಬಂದು, ಸೌಟಿನ ತುದಿಯಲ್ಲಿ ಎರಡು ಹನಿ ಹಿಡಿದು, ಬಹಳ ಪ್ರೀತಿಯಿಂದ, "ಲೇ, ಉಪ್ಪು ಸರಿಯಾಗಿದೆಯಾ ಸ್ವಲ್ಪ ನೋಡೇ," ಅಂದರು.

ಅವರು ಬೇಯಿಸಿದ್ದಕ್ಕೆ ನಾಲಿಗೆ ತಿರುಗುವುದಿಲ್ಲ, ಆದರೆ ಸೌಟಿನ ಹತ್ತಿರ ಹೋದರೆ ನನ್ನ ಕೈಯನ್ನು ನಂಬುವ ಹಾಗಿಲ್ಲ.

"ನೀವೇ ನೋಡ್ಕೊಳ್ರೀ," ಅಂದೆ.